ಏನು ಕೆಲಸ ಮಾಡ್ತಿದ್ರಿ?

ಮಾವನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ಮೊದಲು ಕೇಳಿದ್ದು ಕೆಮ್ಮಿನ ಬಗ್ಗೆ ಅಲ್ಲ.

"ಏನು ಕೆಲಸ ಮಾಡ್ತಿದ್ರಿ?"

"ಬೇಸಾಯ ಸಾರ್," ಅಂದ ಮಾವ.

"ಅದಕ್ಕೂ ಮುಂಚೆ?"

ಮಾವ ನನ್ನ ಮುಖ ನೋಡಿದ. ಇದನ್ನ್ಯಾಕೆ ಕೇಳ್ತಾರೆ ಅನ್ನೋ ಥರ. ನಾನೇ ಹೇಳಿದೆ, "ಬೋರ್‌ವೆಲ್ ಲಾರೀಲಿ ಇದ್ರು ಸಾರ್. ಹನ್ನೆರಡು ವರ್ಷ."

ಡಾಕ್ಟರು ಫಿಲ್ಮನ್ನು ಮೇಜಿನ ಮೇಲಿಟ್ಟರು. ಅಲ್ಲಿಯವರೆಗೆ ಆರು ವರ್ಷಗಳಲ್ಲಿ ಮೂರು ಸಲ ಮಾವನಿಗೆ ಟಿಬಿ ಅಂತ ಮಾತ್ರೆ ಕೊಟ್ಟಿದ್ದರು. ಬೇರೆ ಬೇರೆ ಊರು, ಬೇರೆ ಬೇರೆ ಆಸ್ಪತ್ರೆ. ಕಫದ ಪರೀಕ್ಷೆಯಲ್ಲಿ ಏನೂ ಸಿಗುತ್ತಿರಲಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಎದೆ ತುಂಬ ಚುಕ್ಕೆ. ಮಾತ್ರೆ ಮುಗಿಯುತ್ತಿತ್ತು, ಕೆಮ್ಮು ಮುಗಿಯುತ್ತಿರಲಿಲ್ಲ. ಆ ಆರು ವರ್ಷದಲ್ಲಿ ಏನು ಕೆಲಸ ಮಾಡ್ತಿದ್ರಿ ಅಂತ ಒಬ್ಬರೂ ಕೇಳಿರಲಿಲ್ಲ.

ಈ ಪ್ರಶ್ನೆಗೆ ಮುನ್ನೂರು ವರ್ಷಕ್ಕೂ ಮೇಲೆ ವಯಸ್ಸಾಗಿದೆ ಅಂತ ನನಗೆ ಆಮೇಲೆ ತಿಳಿಯಿತು. ಇಟಲಿಯ ಬರ್ನಾರ್ಡಿನೊ ರಾಮಾಜಿನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಒಂದು ಪುಸ್ತಕ ಬರೆದ. ರೋಗಿಗೆ ವೈದ್ಯರು ಕೇಳುವ ಹಳೆಯ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು, ನಿನ್ನ ಕಸುಬು ಯಾವುದು ಅಂತ ಕೇಳಬೇಕು ಎಂಬುದು ಅವನ ಸಲಹೆ. ಕಲ್ಲು ಕಡಿಯುವವರ ಎದೆಯೊಳಗೆ ಧೂಳು ಸೇರುವ ವಿಚಾರವೂ ಆ ಪುಸ್ತಕದಲ್ಲಿದೆ.

ಮಾವನ ರೋಗದ ಹೆಸರು ಸಿಲಿಕೋಸಿಸ್. ವಾಸಿಯಾಗುವಂಥದ್ದಲ್ಲ.

ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ನನಗೆ ನಾಚಿಕೆಯಾದದ್ದು ಅದರಿಂದಲೇ. ನಾನು ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ನಮ್ಮ ಟೀಮ್ ತಯಾರಿಸುವುದು ಹೊರದೇಶದ ಕೆಮಿಕಲ್ ಕಂಪನಿಗಳಿಗೆ ಬೇಕಾದ ಸೇಫ್ಟಿ ಡೇಟಾ ಶೀಟ್‌ಗಳ ಸಾಫ್ಟ್‌ವೇರ್. ಒಂದು ಡ್ರಮ್ಮು ಬಣ್ಣವೋ ಅಂಟೋ ದ್ರಾವಕವೋ ಅಲ್ಲಿನ ಕಾರ್ಮಿಕನ ಕೈಗೆ ಹೋಗುವಾಗ ಜೊತೆಗೆ 16 ಭಾಗಗಳ ಒಂದು ಪತ್ರ ಹೋಗಬೇಕು. ಇದರಲ್ಲಿ ಏನೇನಿದೆ, ಮೈಗೆ ತಾಗಿದರೆ ಏನಾಗುತ್ತೆ, ಎಷ್ಟು ಉಸಿರಾಡಿದರೆ ಅಪಾಯ, ಯಾವ ಮಾಸ್ಕ್ ಹಾಕಬೇಕು, ಎಲ್ಲವೂ ಅದರಲ್ಲಿರಬೇಕು. ಅಮೆರಿಕದಲ್ಲಿ 1983ರಿಂದ ಇದಕ್ಕೊಂದು ಸರ್ಕಾರಿ ನಿಯಮವಿದೆ. ಬೆಣಚು ಕಲ್ಲಿನ ಪುಡಿಗೂ ಅಂಥದೊಂದು ಶೀಟ್ ಇದೆ. ದೀರ್ಘಕಾಲ ಉಸಿರಾಡಿದರೆ ಶ್ವಾಸಕೋಶಕ್ಕೆ ಹಾನಿ ಎಂಬ ಸಾಲು ಅದರಲ್ಲಿದೆ. ಆ ಸಾಲು ಹತ್ತಾರು ಭಾಷೆಯಲ್ಲಿ ಸರಿಯಾಗಿ ಪ್ರಿಂಟ್ ಆಗುತ್ತದಾ ಅಂತ ನಾನೇ ಟೆಸ್ಟ್ ಮಾಡಿದ್ದೇನೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಇರಬೇಕಿತ್ತು ಅಂತ ನನಗೂ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲೇ ಒಬ್ಬ ಅದೇ ಧೂಳಿನಲ್ಲಿ ಹನ್ನೆರಡು ವರ್ಷ ಕಳೆದಿದ್ದಾನೆ ಅನ್ನೋದೂ ಹೊಳೆದಿರಲಿಲ್ಲ.

*

ನಮ್ಮೂರು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ. ಆಂಧ್ರದ ಗಡಿ ಹತ್ತಿರ. ಊರಿನ ಕೆರೆ ದೊಡ್ಡದು, ಹಳೆಯದು. ಅದಕ್ಕೆ ನೀರು ತುಂಬಿಸಿ ಎಂಬ ಕೂಗೂ ಹಳೆಯದೇ. ಹಿರಿಯೂರು ಅಂದ ಕೂಡಲೇ ನಿಮಗೆ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ನೆನಪಾಗಬಹುದು. ನಮ್ಮ ಕಡೆ ಹೊಲಗಳಿಗೆ ಆ ಭಾಗ್ಯವಿಲ್ಲ. ಶೇಂಗಾ ಹಾಕಿ ಆಕಾಶ ನೋಡಬೇಕು, ಇಲ್ಲ ಬೋರು ಕೊರೆಸಬೇಕು.

ಬೋರು ಕೊರೆಸುವ ರಾತ್ರಿ ಗೊತ್ತಲ್ಲ? ಗೊತ್ತಿಲ್ಲದವರಿಗೆ ಹೇಳ್ತೀನಿ. ಎರಡು ಲಾರಿ ಬರುತ್ತವೆ. ಒಂದರ ಮೇಲೆ ಕೊರೆಯುವ ಯಂತ್ರ, ಇನ್ನೊಂದರಲ್ಲಿ ಕಂಪ್ರೆಸರ್ ಮತ್ತು ರಾಡುಗಳು. ಪಾಯಿಂಟ್ ನೋಡೋರು ತೆಂಗಿನಕಾಯಿ ಹಿಡಿದು ತೋರಿಸಿದ ಜಾಗಕ್ಕೆ ಪೂಜೆ ಆಗುತ್ತದೆ. ಆಮೇಲೆ ಕಿವಿ ಕಿತ್ತುಹೋಗುವ ಸದ್ದು. ಬಂಡೆಯನ್ನು ಹ್ಯಾಮರ್ ಕುಟ್ಟಿ ಪುಡಿ ಮಾಡುತ್ತದೆ, ಕಂಪ್ರೆಸರ್‌ನ ಗಾಳಿ ಆ ಪುಡಿಯನ್ನು ನೂರಾರು ಅಡಿ ಆಳದಿಂದ ಮೇಲಕ್ಕೆ ಎತ್ತಿ ಎಸೆಯುತ್ತದೆ. ನೀರು ಸಿಗುವವರೆಗೂ ಬರುವುದು ಬರೀ ಧೂಳು. ಬಿಳಿ ಧೂಳು ಅಂದರೆ ಒಳ್ಳೆ ಗಟ್ಟಿ ಬಂಡೆ, ನೀರಿಲ್ಲ. ಅದನ್ನು ನೋಡಿ ಹೊಲದ ಯಜಮಾನನ ಮುಖವೂ ಬಿಳಿಚಿಕೊಳ್ಳುತ್ತದೆ. ಚಿಕ್ಕವರಾಗಿದ್ದಾಗ ನಮಗೆ ಅದೊಂದು ಜಾತ್ರೆ. ರಿಗ್ಗಿನ ಮೇಲೆ ನಿಂತು ರಾಡು ಬದಲಾಯಿಸುತ್ತಿದ್ದ ಮಾವ ಹಿಟ್ಟಿನ ಗಿರಣಿಯವನ ಥರ ಕಾಣುತ್ತಿದ್ದ. ರೆಪ್ಪೆಯ ಕೂದಲೂ ಬಿಳಿ. ಬೆಳಿಗ್ಗೆ ಮನೆಗೆ ಬಂದರೆ ಅಮ್ಮ ನಗುತ್ತಿದ್ದಳು, "ಏನೋ, ಒಂದೇ ರಾತ್ರೀಲಿ ಮುದುಕ ಆಗ್ಬಿಟ್ಟಿದೀಯ?"

ಆ ಮಾತು ಇವತ್ತು ನೆನೆಸಿಕೊಂಡರೆ ಅಮ್ಮ ಅಳುತ್ತಾಳೆ.

ಕಣ್ಣಿಗೆ ಕಾಣುವ ಆ ಧೂಳು ಅಷ್ಟು ಅಪಾಯದ್ದಲ್ಲ. ಮೂಗು, ಗಂಟಲು ಅದನ್ನು ತಡೆಯುತ್ತವೆ. ಕಣ್ಣಿಗೆ ಕಾಣದ, ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಹೋಗುತ್ತವೆ. ಹೊರಗಿನದನ್ನು ನುಂಗಿ ಚೊಕ್ಕಟ ಮಾಡುವ ರಕ್ಷಣಾ ಕೋಶಗಳು ಅಲ್ಲಿವೆ. ಬೆಣಚಿನ ಕಣ ನುಂಗಿದ ಕೋಶವೇ ಸಾಯುತ್ತದೆ, ಕಣ ಹಾಗೇ ಉಳಿಯುತ್ತದೆ, ಅದನ್ನು ಇನ್ನೊಂದು ಕೋಶ ನುಂಗುತ್ತದೆ. ಹೀಗೆ ಸಣ್ಣ ಸಣ್ಣ ಗಾಯ, ಗಾಯ ಮಾಗಿದ ಗಂಟು, ಗಂಟುಗಳು ಸೇರಿ ಶ್ವಾಸಕೋಶ ಗಡುಸಾಗುತ್ತದೆ. ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಹುದು. ಮಾವ ಲಾರಿ ಬಿಟ್ಟು ಊರಲ್ಲಿ ಬೇಸಾಯಕ್ಕೆ ನಿಂತ ಎಷ್ಟೋ ವರ್ಷದ ಮೇಲೆ ಕೆಮ್ಮು ಶುರುವಾದದ್ದು. ಇಂಥ ಶ್ವಾಸಕೋಶಕ್ಕೆ ನಿಜವಾದ ಟಿಬಿಯೂ ಬೇಗ ಅಂಟುತ್ತದೆ, ಎಕ್ಸ್‌ರೇಯಲ್ಲಿ ಎರಡೂ ಒಂದರಂತೆ ಇನ್ನೊಂದು ಕಾಣಬಹುದು. ಆದ್ದರಿಂದ ಆ ಮೂರು ಸಲದ ಡಾಕ್ಟರುಗಳನ್ನು ನಾನು ಬೈಯುವುದಿಲ್ಲ. ಕಸುಬು ಕೇಳದಿದ್ದರೆ ಅದು ಟಿಬಿಯೇ.

ಆವತ್ತು ರಾತ್ರಿ ಲ್ಯಾಪ್‌ಟಾಪ್ ತೆಗೆದು ಈ ರೋಗದ ಇತಿಹಾಸ ಹುಡುಕುತ್ತಾ ಕೂತೆ. ದೂರದ ದೇಶಗಳ ಹೆಸರು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಕೋಲಾರ.

*

ಕೆಜಿಎಫ್ ಅಂದರೆ ಈಗ ಎಲ್ಲರಿಗೂ ಸಿನಿಮಾ. ಅದಕ್ಕಿಂತ ಮುಂಚೆ ಪಠ್ಯಪುಸ್ತಕದ ಪಾಠ: 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಹೋಯಿತು, ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಪಾಠದಲ್ಲಿ ಇಲ್ಲದ್ದು ಒಂದಿದೆ. ಕೋಲಾರದ ಚಿನ್ನ ಇದ್ದದ್ದು ಬೆಣಚು ಕಲ್ಲಿನ ಪದರಗಳಲ್ಲಿ. ಗಾಳಿಯ ಒತ್ತಡದಿಂದ ನಡೆಯುವ ಡ್ರಿಲ್ಲಿನಿಂದ ಆ ಕಲ್ಲನ್ನು ಕೊರೆದು, ಸಿಡಿಸಿ, ಪುಡಿ ಮಾಡಬೇಕು. ಸುರಂಗದೊಳಗೆ ಆ ಧೂಳಿಗೆ ಹೋಗಲು ದಾರಿಯೆಲ್ಲಿ? ಮನುಷ್ಯನ ಎದೆಯೊಳಕ್ಕೇ.

ಈ ರೋಗ ಗಣಿ ಕಂಪನಿಗಳಿಗೆ ಹೊಸದಾಗಿರಲಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಜನ ಸಾಲುಸಾಲಾಗಿ ಸತ್ತ ಮೇಲೆ 1911 ಮತ್ತು 1912ರಲ್ಲಿ ಅಲ್ಲಿನ ಸಂಸತ್ತು ಗಣಿಗಾರರ ಕ್ಷಯಕ್ಕೆಂದೇ ಪರಿಹಾರದ ಕಾಯ್ದೆಗಳನ್ನು ಮಾಡಿತ್ತು. 1930ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸಿಲಿಕೋಸಿಸ್ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೇ ನಡೆಯಿತು.

ಅದೇ 1930ರಲ್ಲಿ ಕೋಲಾರದಲ್ಲಿ ಏನು ನಡೆಯಿತು ಗೊತ್ತಾ? ದೊಡ್ಡದೊಂದು ಮುಷ್ಕರ. ಕಾರಣ: ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕು ಅಂತ ಹೊರಟ ಆಜ್ಞೆ. ನಾವೇನು ಕಳ್ಳರಾ ಅಂತ ಜನ ಕೆಲಸ ನಿಲ್ಲಿಸಿದರು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸ್ವಲ್ಪ ಹೊತ್ತು ಮುಂದೆ ಓದಲು ಆಗಲಿಲ್ಲ. ಕಾರ್ಮಿಕನ ಬಗ್ಗೆ ಮಾಹಿತಿ ಕಂಪನಿಗೆ ಬೇಕು, ಅದೂ ಬೆರಳಿನ ಗೆರೆಯವರೆಗೆ. ಕಾರ್ಮಿಕನಿಗೆ ಬೇಕಾದ ಮಾಹಿತಿ, ಅಂದರೆ ತಾನು ಉಸಿರಾಡ್ತಿರೋದು ಏನು ಅನ್ನೋದು, ಯಾವ ಆಜ್ಞೆಯ ವಿಷಯವೂ ಆಗಿರಲಿಲ್ಲ.

ಭಾರತದಲ್ಲಿ ಸಿಲಿಕೋಸಿಸ್‌ನ ಮೊದಲ ವರದಿ ಬಂದದ್ದು ಕೋಲಾರದಿಂದ, 1934ರಲ್ಲಿ. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ರೋಗ ಬಂದ ಗಣಿ ಕಾರ್ಮಿಕನಿಗೆ ಪರಿಹಾರಕ್ಕೆ ದಾರಿಯಾಯಿತು. ಇದನ್ನು ಸಣ್ಣದು ಮಾಡಿ ಹೇಳಬಾರದು. ಬೇರೆ ಬೇರೆ ವಿಷಯದಲ್ಲಿ ಮಾದರಿ ಸಂಸ್ಥಾನ ಅನ್ನಿಸಿಕೊಂಡಿದ್ದ ಮೈಸೂರು ಈ ರೋಗದ ಹೆಸರನ್ನೂ ಸ್ವಾತಂತ್ರ್ಯ ಬರುವ ಮುಂಚೆಯೇ ಕಾನೂನಿನ ಪುಸ್ತಕದಲ್ಲಿ ಬರೆದಿತ್ತು. ಆ ದಶಕದಲ್ಲೇ ಕೋಲಾರದ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದರು. ನೂರಕ್ಕೆ 40ಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತು.

ಆದರೆ ಪರಿಹಾರದ ನಿಯಮ ರೋಗ ಬಂದ ಮೇಲಿನ ಮಾತು. ರೋಗಿ, ಡಾಕ್ಟರು, ಕಂಪನಿ, ಸರ್ಕಾರ ಈ ನಾಲ್ವರ ನಡುವಿನ ಲೆಕ್ಕಾಚಾರ. ನಾಳೆ ಮೊದಲ ಸಲ ಗಣಿಗೆ ಇಳಿಯುವ ಹುಡುಗನಿಗೆ ಇವತ್ತು ಹೇಳಬೇಕಾದ ಮಾತು ಬೇರೆ. ಮೇಲಾಗಿ ಆ ತಿಳಿವಳಿಕೆಗೆ ಗಣಿ ರೋಗ ಎಂಬ ಹೆಸರು ಅಂಟಿಕೊಂಡಿತು. ಚಿನ್ನದ ಗಣಿಯವರ ಸಮಸ್ಯೆ, ಕೋಲಾರದ ಸಮಸ್ಯೆ. ಬೆಣಚಿಗೆ ತಾನು ಗಣಿಯಲ್ಲಿದ್ದೀನೋ ಹೊಲದಲ್ಲಿದ್ದೀನೋ ಎಲ್ಲಿ ಗೊತ್ತಾಗುತ್ತೆ?

ಈಗ ಕೋಲಾರದಿಂದ ಧರ್ಮಪುರಕ್ಕೆ ದಾರಿ ಹೇಗೆ ಬಂತು ನೋಡಿ. 1966-67ರಲ್ಲಿ ಬಿಹಾರದಲ್ಲಿ ಭೀಕರ ಬರ. ಗಟ್ಟಿ ಬಂಡೆಯನ್ನು ಗಾಳಿಯ ಒತ್ತಡದಿಂದ ಕೊರೆಯುವ ರಿಗ್ಗುಗಳನ್ನು ಯೂನಿಸೆಫ್ 1967ರಲ್ಲಿ ವಿಮಾನದಲ್ಲಿ ಭಾರತಕ್ಕೆ ತರಿಸಿತು. ಕುಡಿಯುವ ನೀರಿಗಾಗಿ. ಪುಣ್ಯದ ಕೆಲಸವೇ. ಬಂಡೆನಾಡಾದ ದಕ್ಷಿಣಕ್ಕೂ ಆ ಬಗೆಯ ಯಂತ್ರ ಹಬ್ಬಿತು. ಮೊದಲು ಸರ್ಕಾರದ ಕೈಪಂಪು, ಆಮೇಲೆ ರೈತರ ಬೋರು, ಆಮೇಲೆ ಹೊಲಕ್ಕೊಂದು, ಫೇಲಾದರೆ ಇನ್ನೊಂದು. ಅಂದರೆ ಕೋಲಾರದ ಸುರಂಗದಲ್ಲಿ ಬಂಡೆ ಕೊರೆಯುತ್ತಿದ್ದ ಗಾಳಿಯ ವಿದ್ಯೆಯೇ ಲಾರಿ ಹತ್ತಿ ನಮ್ಮ ಶೇಂಗಾ ಹೊಲಕ್ಕೆ ಬಂತು. ಯಂತ್ರ ಬಂತು, ಬಂಡೆಯೂ ಅಂಥದ್ದೇ, ಧೂಳೂ ಅಂಥದ್ದೇ. ಜೊತೆಯಲ್ಲಿ ಬರಬೇಕಿದ್ದ ಎಚ್ಚರಿಕೆ ಮಾತ್ರ ಕೋಲಾರದ ಫೈಲುಗಳಲ್ಲೇ ಉಳಿಯಿತು.

*

ಹಾಗಾದರೆ ಸರ್ಕಾರ ಯಾರಿಗೂ ಏನೂ ಹೇಳಲೇ ಇಲ್ಲವಾ? ಹೇಳಿತು. ಆದರೆ ಹೇಳಿಸೋದಕ್ಕೆ ಭೋಪಾಲ್ ಆಗಬೇಕಾಯಿತು.

1948ರ ಫ್ಯಾಕ್ಟರೀಸ್ ಕಾಯ್ದೆಯಲ್ಲಿ 118ನೇ ಸೆಕ್ಷನ್ ಅಂತ ಒಂದಿತ್ತು. ಕಾರ್ಖಾನೆಗೆ ಭೇಟಿ ಕೊಟ್ಟ ಇನ್‌ಸ್ಪೆಕ್ಟರು ಅಲ್ಲಿನ ತಯಾರಿಕೆ, ವ್ಯಾಪಾರದ ಬಗ್ಗೆ ತನಗೆ ತಿಳಿದದ್ದನ್ನು ಕರ್ತವ್ಯಕ್ಕೆ ಬಿಟ್ಟು ಹೊರಗೆ ಹೇಳಬಾರದು, ನೌಕರಿ ಬಿಟ್ಟ ಮೇಲೂ ಹೇಳಬಾರದು ಎಂಬುದು ಅದರ ಸಾರ. ಮಾಲೀಕನ ಗುಟ್ಟಿಗೆ ಕಾನೂನಿನ ಕಾವಲು ಮೊದಲ ದಿನದಿಂದಲೇ ಇತ್ತು. ಕಾರ್ಮಿಕನಿಗೆ ಗುಟ್ಟು ತಿಳಿಯುವ ಹಕ್ಕು ಬಂದದ್ದು 39 ವರ್ಷದ ನಂತರ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಅನಿಲ ಸೋರಿತು. ಆಸ್ಪತ್ರೆಗೆ ಸಾವಿರಗಟ್ಟಲೆ ಜನ ಕಣ್ಣು ಉಜ್ಜಿಕೊಳ್ಳುತ್ತಾ, ಉಸಿರಿಗೆ ಒದ್ದಾಡುತ್ತಾ ಬಂದಾಗ ಅದು ಯಾವ ಅನಿಲ, ಅದಕ್ಕೆ ಏನು ಚಿಕಿತ್ಸೆ ಅಂತ ಡಾಕ್ಟರುಗಳಿಗೇ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಳ್ಳಿ ಎಂಬ ಒಂದು ಮಾತು ಮೊದಲೇ ಸುತ್ತಲಿನ ಜನಕ್ಕೆ ಗೊತ್ತಿದ್ದರೂ ಎಷ್ಟೋ ಜೀವ ಉಳಿಯುತ್ತಿತ್ತು ಅಂತ ಆಮೇಲೆ ಬಹಳ ಜನ ಬರೆದರು.

1987ರಲ್ಲಿ ಸಂಸತ್ತು ಫ್ಯಾಕ್ಟರೀಸ್ ಕಾಯ್ದೆಗೆ ಒಂದು ಹೊಸ ಅಧ್ಯಾಯ ಸೇರಿಸಿತು. ಅದರ 41ಬಿ ಸೆಕ್ಷನ್ನನ್ನು ನಾನು ಎರಡು ಸಲ ಓದಿದೆ. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಯವರು ಅಲ್ಲಿನ ವಸ್ತುಗಳಿಂದ ಆರೋಗ್ಯಕ್ಕಾಗುವ ಅಪಾಯ ಏನು, ತಪ್ಪಿಸಿಕೊಳ್ಳುವುದು ಹೇಗೆ ಎಂಬ ಎಲ್ಲ ಮಾಹಿತಿಯನ್ನು ಹೇಳಲೇಬೇಕಿತ್ತು. ಯಾರಿಗೆ? ಕಾರ್ಮಿಕರಿಗೆ, ಮುಖ್ಯ ಇನ್‌ಸ್ಪೆಕ್ಟರಿಗೆ, ಸ್ಥಳೀಯ ಸಂಸ್ಥೆಗೆ, ಸುತ್ತಮುತ್ತಲ ಸಾರ್ವಜನಿಕರಿಗೆ. 41ಸಿ ಪ್ರಕಾರ ಕಾರ್ಮಿಕರ ಆರೋಗ್ಯದ ದಾಖಲೆ ಇಡಬೇಕಿತ್ತು, ಕಾರ್ಮಿಕ ಅದನ್ನು ನೋಡಬಹುದಿತ್ತು. 111ಎ ಪ್ರಕಾರ ತನ್ನ ಸುರಕ್ಷತೆಗೆ ಸಂಬಂಧಪಟ್ಟ ಮಾಹಿತಿ ಕೇಳಿ ಪಡೆಯುವುದು ಕಾರ್ಮಿಕನ ಹಕ್ಕಾಗಿತ್ತು. ಈ ಅಧ್ಯಾಯದ ಮುಖ್ಯ ಸೆಕ್ಷನ್ನುಗಳನ್ನು ಮುರಿದವರಿಗೆ 7 ವರ್ಷದವರೆಗೆ ಜೈಲಿತ್ತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದು, ನನ್ನ ಹೊಟ್ಟೆಪಾಡಿನ ಆ ಡೇಟಾ ಶೀಟೂ ಕಾನೂನಿನೊಳಕ್ಕೆ ಬಂತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕೇಸಿನಲ್ಲಿ ಇನ್ನೂ ಮುಂದೆ ಹೋಯಿತು. ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಆರೋಗ್ಯದ ದಾಖಲೆ ಇಡಬೇಕು ಅಂತ ಹೇಳಿತು. ಧೂಳಿನ ರೋಗ ತಡವಾಗಿ ಬಂದು ಬಾಗಿಲು ತಟ್ಟುತ್ತದೆ ಅಂತ ಕೋರ್ಟಿಗೂ ತಿಳಿದಿತ್ತು.

ಇಷ್ಟು ಓದಿ ನನಗೆ ಸಂತೋಷವೇ ಆಯಿತು. ಆಮೇಲೆ ಒಂದು ಸಣ್ಣ ಪದ ಕಣ್ಣಿಗೆ ಬಿತ್ತು: ಕಾರ್ಖಾನೆ. ಈ ಹಕ್ಕುಗಳೆಲ್ಲ ಇರೋದು ಕಾರ್ಖಾನೆಯೊಳಗೆ. ಕರೆಂಟು ಬಳಸುವ ಜಾಗದಲ್ಲಿ 10 ಜನ, ಬಳಸದ ಜಾಗದಲ್ಲಿ 20 ಜನ ಕೆಲಸಗಾರರಿದ್ದರೆ ಹಳೆಯ ಕಾಯ್ದೆಯಲ್ಲಿ ಅದು ಕಾರ್ಖಾನೆ. 2020ರಲ್ಲಿ ಅಂಗೀಕಾರವಾದ ಹೊಸ ಸಂಹಿತೆ ಆ ಸಂಖ್ಯೆಗಳನ್ನು 20, 40 ಅಂತ ದುಪ್ಪಟ್ಟು ಮಾಡಿತು. ಬೋರ್‌ವೆಲ್ ಲಾರಿಯಲ್ಲಿ ಇರೋದು ಏಳೆಂಟು ಜನ. ಅದಕ್ಕೆ ಗೋಡೆ ಇಲ್ಲ, ಗೇಟ್ ಇಲ್ಲ, ನೋಟೀಸು ಅಂಟಿಸೋ ಬೋರ್ಡ್ ಇಲ್ಲ. ಇವತ್ತು ಧರ್ಮಪುರ, ನಾಳೆ ಹರಿಯಬ್ಬೆ, ನಾಡಿದ್ದು ಗಡಿ ದಾಟಿ ಆಂಧ್ರ. ಇನ್‌ಸ್ಪೆಕ್ಟರು ಬರಬೇಕು ಅಂದುಕೊಂಡರೂ ಯಾವ ವಿಳಾಸಕ್ಕೆ ಬರಬೇಕು?

ಗಣಿಗಾರರ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ 1990ರಲ್ಲಿ ಶುರುವಾಯಿತು, ಅದೂ ಕೆಜಿಎಫ್‌ನಲ್ಲೇ. ಸರಿಸುಮಾರು ಮಾವ ಲಾರಿ ಹತ್ತಿದ ಕಾಲ. ಧೂಳು ಅಳೆಯಬಲ್ಲವರು, ಎಕ್ಸ್‌ರೇ ಓದಬಲ್ಲವರು ನಮ್ಮ ರಾಜ್ಯದಲ್ಲೇ ಇದ್ದರು. ಮಾವನಿಗೂ ಅವರಿಗೂ ನಡುವೆ ಒಂದು ರಾತ್ರಿಯ ಬಸ್ ಪ್ರಯಾಣ, ಅಷ್ಟೇ. 2001ರ ಫೆಬ್ರವರಿ 28ಕ್ಕೆ ಕೋಲಾರದ ಗಣಿಯೇ ಮುಚ್ಚಿತು.

*

ನಮ್ಮ ಮನೆಗೆ ಸರ್ಕಾರದಿಂದ ವಿಷದ ಬಗ್ಗೆ ಮಾಹಿತಿ ಬಂದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಬಂದಿದೆ. ಅದು ಅಟ್ಟದ ಮೇಲಿದೆ.

ನಮ್ಮ ಕಡೆ ಕೀಟನಾಶಕಕ್ಕೆ ಔಷಧಿ ಅಂತಾರೆ. ಔಷಧಿ ಹೊಡೆಯೋದು, ಔಷಧಿ ಅಂಗಡಿ. ವಿಷಕ್ಕೆ ಔಷಧಿ ಅಂತ ಹೆಸರಿಟ್ಟುಕೊಂಡ ಮೇಲೆ ಎಚ್ಚರಿಕೆ ಎಲ್ಲಿಂದ ಬರಬೇಕು? ಆದರೂ ಅಟ್ಟದ ಮೇಲಿನ ಡಬ್ಬಿ ನೋಡಿ ಅಜ್ಜಿ, ಓದಲು ಬಾರದ ಅಜ್ಜಿ, "ಅದು ಕೆಂಪಿಂದು, ಮುಟ್ಟಬೇಡ" ಅನ್ನುತ್ತಿದ್ದಳು.

ಆ ಕೆಂಪಿನ ಹಿಂದೆಯೂ ಸಾವುಗಳಿವೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟು ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷದ ಮೇಲೆ, 1968ರಲ್ಲಿ, ಕೀಟನಾಶಕ ಕಾಯ್ದೆ ಬಂತು. 1971ರ ನಿಯಮಗಳು ಲೇಬಲ್ ಹೇಗಿರಬೇಕು ಅಂತ ಅಳತೆ ಸಮೇತ ಹೇಳಿದವು. ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ, ಅದರಲ್ಲಿ ಎರಡು ತ್ರಿಕೋನ. ಮೇಲಿನದರಲ್ಲಿ ಎಚ್ಚರಿಕೆಯ ಪದ, ಅತಿ ವಿಷವಾದರೆ ತಲೆಬುರುಡೆ. ಕೆಳಗಿನದರಲ್ಲಿ ಬಣ್ಣ: ಕೆಂಪು, ಹಳದಿ, ನೀಲಿ, ಹಸಿರು, ವಿಷ ಇಳಿಯುತ್ತಾ ಹೋಗುವ ಕ್ರಮದಲ್ಲಿ. ಮಾರುವ ಊರಿನ ಭಾಷೆಯಲ್ಲೂ ಲೇಬಲ್ ಅಚ್ಚಾಗಬೇಕು. ಇದು ಸುರಕ್ಷಿತ, ನಿರಪಾಯಕಾರಿ ಅಂತ ಕಂಪನಿ ಬರೆದುಕೊಳ್ಳುವ ಹಾಗಿಲ್ಲ.

ಈ ಲೇಬಲ್ಲಿನಿಂದ ಎಲ್ಲ ಸರಿಹೋಯಿತು ಅಂತಲ್ಲ. ಡಬ್ಬಿಯೊಳಗಿನ ಪತ್ರದ ಅಕ್ಷರಗಳು ಇರುವೆ ಸಾಲಿನಂತಿರುತ್ತವೆ. ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆಯ ಕನ್ನಡಿಗರಿಗೆ ಕೇಳಿ. ಅಲ್ಲಿ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸಿಂಪಡಿಸಿದ್ದು ಸರ್ಕಾರದ್ದೇ ನಿಗಮ. ಆಕಾಶದಿಂದ ಬೀಳುವ ಹನಿಗೆ ಲೇಬಲ್ ಎಲ್ಲಿರುತ್ತೆ? ಅಲ್ಲಿ ಇದನ್ನು ಹೊರಗೆ ತಂದವರು ಊರಿನ ಡಾಕ್ಟರು, ಪತ್ರಕರ್ತರು, ಮಕ್ಕಳ ಸ್ಥಿತಿ ಕಂಡ ತಾಯಂದಿರು.

ಆದರೂ ಅಜ್ಜಿಯ ಆ ಮಾತು ನನಗೆ ಮುಖ್ಯ. ದೆಹಲಿಯಲ್ಲಿ ಬರೆದ ಒಂದು ನಿಯಮ, ಅಕ್ಷರ ಬಾರದ ಹೆಂಗಸಿನ ಬಾಯಲ್ಲಿ, ಮೊಮ್ಮಗನಿಗೆ ಎಚ್ಚರಿಕೆಯಾಗಿ ಬಂತು. ಅಂದರೆ ತಿಳಿಸೋದು ಸಾಧ್ಯ. ವಸ್ತುವಿನ ಮೇಲೇ ಬರೆದರೆ, ಅದು ಹೋದಲ್ಲಿಗೆಲ್ಲ ಮಾತೂ ಹೋಗುತ್ತದೆ. ಕಾರ್ಖಾನೆಯ ಗೋಡೆಗೆ ಅಂಟಿಸಿದರೆ ಅದು ಆ ಗೋಡೆಯ ಹತ್ತಿರವೇ ಇರುತ್ತದೆ. ಧೂಳಿಗೆ ಡಬ್ಬಿ ಇಲ್ಲ, ಒಪ್ಪಿದೆ. ಆದರೆ ಧೂಳು ಎಬ್ಬಿಸುವ ಯಂತ್ರಕ್ಕೆ ಮೈ ಇದೆ, ನಂಬರ್ ಪ್ಲೇಟ್ ಇದೆ, ಆರ್‌ಟಿಓ ದಾಖಲೆ ಇದೆ. ಅದರ ಮೇಲೆ ಒಂದು ಕೆಂಪು ತ್ರಿಕೋನ ಬರೆಯೋದಕ್ಕೆ ಎಷ್ಟು ಖರ್ಚು? ಕೊರೆಯುವಾಗ ನೀರು ಹಾಯಿಸಿದರೆ ಧೂಳು ಬಹಳಷ್ಟು ತಗ್ಗುತ್ತದೆ ಅಂತ ಗಣಿಗಳಲ್ಲಿ ಕಲಿತ ಪಾಠವನ್ನು ಆ ತ್ರಿಕೋನದ ಕೆಳಗೆ ಎರಡು ಸಾಲಿನಲ್ಲಿ ಬರೆಯಬಹುದಲ್ಲ? ರಾಜಸ್ಥಾನ ಸರ್ಕಾರ 2019ರಲ್ಲಿ ಸಿಲಿಕೋಸಿಸ್‌ಗೆಂದೇ ಒಂದು ನೀತಿ ಮಾಡಿತು. ರೋಗ ದೃಢಪಟ್ಟವನಿಗೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ. ಅದೂ ರೋಗ ಬಂದ ಮೇಲಿನ ಮಾತೇ. ಆದರೆ ಕಲ್ಲು ಕೆತ್ತುವವನೂ ಗಣಿಯವನೂ ಅಲ್ಲಿ ಒಂದೇ ಪಟ್ಟಿಯಲ್ಲಿದ್ದಾರೆ.

*

ಇದನ್ನೆಲ್ಲ ಓದಿದ ಮೇಲೆ ಊರಿಗೆ ಹೋದಾಗ ಮಾವನಿಗೆ ಹೇಳಿದೆ. ಜಗುಲಿಯ ಮೇಲೆ ಕೂತಿದ್ದ. ನಾಲ್ಕು ಮೆಟ್ಟಿಲು ಹತ್ತಿದರೆ ಈಗ ಅವನಿಗೆ ಒಂದು ಗಳಿಗೆ ಸುಧಾರಿಸಿಕೊಳ್ಳಬೇಕು.

"ಹಂಗಾದ್ರೆ ಇದು ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ಯಾವಾಗಿಂದ?"

"ನಮ್ ಸರ್ಕಾರಕ್ಕೆ 1940ರಿಂದ."

ಮಾವ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ನಮ್ಮಪ್ಪ ಹುಟ್ಟಿದ್ ವರ್ಷ," ಅಂದ. ಸಿಟ್ಟು ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಇಲ್ಲ. "ಟವಲ್ ಒದ್ದೆ ಮಾಡ್ಕಂಡು ಕಟ್ಕಳ್ರೋ ಅಂತ ಯಾರಾದ್ರೂ ಒಂದ್ ಮಾತು ಹೇಳಿದ್ರೂ ಕಟ್ಕಂತಿದ್ವಪ್ಪ. ಭಾವಿ ಪಕ್ಕದಾಗೇ ಇರ್ತಿತ್ತು," ಅಂದ. ಇಷ್ಟು ಸಣ್ಣ ಕಣಕ್ಕೆ ಒದ್ದೆ ಟವಲು ಸಾಲದು, ಒಳ್ಳೆ ಮಾಸ್ಕೇ ಬೇಕು ಅಂತ ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಆ ಸಲವೇ ಪಕ್ಕದ ಹೊಲಕ್ಕೆ ಬೋರ್ ಲಾರಿ ಬಂತು. ಸಂಜೆ ಆರಕ್ಕೆ ಶುರುವಾಯಿತು. ನಾನು ಬೆಂಗಳೂರಿನಿಂದ ತಂದಿದ್ದ ಎನ್95 ಮಾಸ್ಕಿನ ಒಂದು ಪೆಟ್ಟಿಗೆ ಹಿಡಿದು ಹೋದೆ. ರಾಡು ಬದಲಾಯಿಸುತ್ತಿದ್ದವನು ಇಪ್ಪತ್ತು ದಾಟಿರದ ಹುಡುಗ. ರೆಪ್ಪೆ ಬಿಳಿ. ಕನ್ನಡದಲ್ಲಿ ಶುರುಮಾಡಿದೆ, ಅವನಿಗೆ ಬರಲಿಲ್ಲ. ಅವನೂರು ಒಡಿಶಾ. ನನ್ನ ಆಫೀಸಿನ ಹಿಂದಿಯಲ್ಲಿ ಸಿಲಿಕಾ, ಡಸ್ಟ್, ಶ್ವಾಸಕೋಶ ಅಂತ ಏನೇನೋ ಹೇಳಿದೆ. ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ನೋಟೀಸು ಇರಬೇಕು ಅಂತ ಫ್ಯಾಕ್ಟರೀಸ್ ಕಾಯ್ದೆ ಹೇಳುತ್ತಿತ್ತು. ಧರ್ಮಪುರದ ಹೊಲದಲ್ಲಿ ಆ ಭಾಷೆ ಈಗ ಕನ್ನಡವೂ ಅಲ್ಲ. ಹುಡುಗ ಮರ್ಯಾದೆಗೆ ಮಾಸ್ಕ್ ಇಸಿದುಕೊಂಡು ಜೇಬಿಗೆ ಹಾಕಿಕೊಂಡ.

ಬದುವಿನ ಮೇಲೆ ಕೂತು ನೋಡುತ್ತಿದ್ದ ಮಾವ ಎದ್ದು ಬಂದ. ನಿಧಾನಕ್ಕೆ, ಎರಡು ಸಲ ನಿಂತು. ಲಾರಿಯ ರಾಡನ್ನು ಮುಟ್ಟಿ ತೋರಿಸಿದ, ಆಮೇಲೆ ತನ್ನನ್ನು ತೋರಿಸಿಕೊಂಡ, ಎರಡು ಕೈಯ ಬೆರಳೆತ್ತಿ ಹತ್ತು, ಮತ್ತೆ ಎರಡು ಬೆರಳು. ಹುಡುಗನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡು ಉಸಿರೆಳೆದ. ಎಳೆದಷ್ಟಕ್ಕೂ ಬರಲಿಲ್ಲ, ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ಹುಡುಗನ ಕೈ ಅಲ್ಲೇ ಇತ್ತು.

ಅವನು ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡ. ಉಳಿದವರಿಗೂ ಕೂಗಿ ಏನೋ ಹೇಳಿದ, ಅವರ ಭಾಷೆಯಲ್ಲಿ. ಪೆಟ್ಟಿಗೆಯಲ್ಲಿ ಇದ್ದದ್ದು ಇಪ್ಪತ್ತು. ಎರಡು ದಿನಕ್ಕೆ ಮುಗಿಯುತ್ತವೆ. ಆಮೇಲಿನದು ನನ್ನ ಪೆಟ್ಟಿಗೆಯಿಂದ ಆಗುವ ಕೆಲಸ ಅಲ್ಲ.